ಪರ್ಫಾರ್ಮೆನ್ಸ್ ಎಂಜಿನ್‌ನ ಇಗ್ನಿಷನ್ ಟೈಮಿಂಗ್: ಪದೇ ಪದೇ ಕೇಳುವ ಪ್ರಶ್ನೆಗಳು

ಕ್ಯಾಮ್ (ವಾಲ್ವ್ ತೆರೆಯುವ ಶಾಫ್ಟ್) ಬದಲಾಯಿಸುತ್ತಾರೆ, ದೊಡ್ಡ ಕಾರ್ಬ್ಯುರೇಟರ್ ಕೂರಿಸುತ್ತಾರೆ, ಹೆಡರ್ (ಎಂಜಿನ್‌ನಿಂದ ಹೊಗೆ ಹೊರಹೋಗುವ ಪೈಪ್‌ಗಳು) ಹಾಕುತ್ತಾರೆ. ಟೈಮಿಂಗ್, ಅಂದರೆ ಪ್ಲಗ್ ಕಿಡಿ ಕೊಡುವ ಹೊತ್ತು, ಮಾತ್ರ ಹಳೇ ಎಂಜಿನ್‌ಗೆ ಇದ್ದ ನಂಬರಿನಲ್ಲೇ ಉಳಿದಿರುತ್ತದೆ. ಆಮೇಲೆ "ಇಷ್ಟೆಲ್ಲ ಮಾಡಿದರೂ ಗಾಡಿ ಯಾಕೆ ಎಳೆಯುತ್ತಿಲ್ಲ" ಎಂಬ ಪ್ರಶ್ನೆ ಬರುತ್ತದೆ. ಆ ಪ್ರಶ್ನೆಗೆ ಉತ್ತರ ಹುಡುಕುತ್ತಿರುವವರಿಗಾಗಿ ಇದನ್ನು ಬರೆದಿದ್ದೇನೆ. ಹೆಚ್ಚಿನ ಮಾತು ಡಿಸ್ಟ್ರಿಬ್ಯೂಟರ್ (ಪ್ಲಗ್‌ಗಳಿಗೆ ಸರದಿಯಂತೆ ಕಿಡಿ ಹಂಚುವ ಭಾಗ) ಇರುವ ಎಂಜಿನ್‌ಗಳದ್ದು. ಇಸಿಯು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಇರುವ ಕಾರುಗಳ ವಿಷಯ ಕೆಳಗೆ ಬರುತ್ತದೆ.

ಪಿಸ್ಟನ್ ಮೇಲೆ ಮುಟ್ಟುವ ಮೊದಲೇ ಕಿಡಿ ಯಾಕೆ ಕೊಡಬೇಕು?

ಸಿಲಿಂಡರ್ ಒಳಗಿನ ಪೆಟ್ರೋಲ್ ಮತ್ತು ಗಾಳಿ ಒಂದೇ ಸಲಕ್ಕೆ ಢಮಾರ್ ಅನ್ನುವುದಿಲ್ಲ. ಒಣಹುಲ್ಲಿಗೆ ಒಂದು ಮೂಲೆಯಲ್ಲಿ ಬೆಂಕಿ ಹಚ್ಚಿದ ಹಾಗೆ, ಪ್ಲಗ್ ಹತ್ತಿರ ಶುರುವಾದ ಬೆಂಕಿ ಆ ಕಡೆಯ ಗೋಡೆಯವರೆಗೆ ಹರಡಬೇಕು. ಅದಕ್ಕೆ ಕೆಲವು ಮಿಲಿಸೆಕೆಂಡ್ ಬೇಕು. ಒತ್ತಡ ಅತಿ ಹೆಚ್ಚಾಗುವ ಕ್ಷಣ ಪಿಸ್ಟನ್ ಟಿಡಿಸಿ (ಅದು ಏರುವ ತುತ್ತತುದಿ) ದಾಟಿ, ಕ್ರ್ಯಾಂಕ್ ಸುಮಾರು 14ರಿಂದ 16 ಡಿಗ್ರಿ ತಿರುಗಿದಾಗ ಬಂದರೆ ಕ್ರ್ಯಾಂಕ್‌ಗೆ ಒಳ್ಳೆಯ ತಳ್ಳು ಸಿಗುತ್ತದೆ. ತೀರ ಬೇಗ ಬಂದರೆ, ಇನ್ನೂ ಮೇಲೇರುತ್ತಿರುವ ಪಿಸ್ಟನ್‌ನ ತಲೆಯ ಮೇಲೇ ಹೊಡೆದ ಹಾಗೆ. ತಡವಾದರೆ ಪಿಸ್ಟನ್ ಆಗಲೇ ಕೆಳಗೆ ಓಡುತ್ತಿರುತ್ತದೆ, ತಳ್ಳಿದ್ದು ಅರ್ಧಕ್ಕರ್ಧ ವ್ಯರ್ಥ.

ಈಗ ಲೆಕ್ಕ ನೋಡಿ. 1000 ಆರ್‌ಪಿಎಂನಲ್ಲಿ ಕ್ರ್ಯಾಂಕ್ ಒಂದು ಮಿಲಿಸೆಕೆಂಡಿಗೆ 6 ಡಿಗ್ರಿ ತಿರುಗುತ್ತದೆ. 6000ದಲ್ಲಿ ಅದೇ ಮಿಲಿಸೆಕೆಂಡಿಗೆ 36 ಡಿಗ್ರಿ. ಹಾಗಾಗಿ ಸ್ಪೀಡ್ ಏರಿದಂತೆ ಕಿಡಿ ಮುಂಚೆ ಮುಂಚೆ ಬರಬೇಕು. ಟಿಡಿಸಿಗಿಂತ ಎಷ್ಟು ಡಿಗ್ರಿ ಮುಂಚೆ ಕಿಡಿ ಕೊಡುತ್ತೇವೋ ಅದೇ ಅಡ್ವಾನ್ಸ್. ಹಾಗಾದರೆ 6000ದಲ್ಲಿ ಆರು ಪಟ್ಟು ಅಡ್ವಾನ್ಸ್ ಬೇಕಲ್ವಾ? ಬೇಡ. ಸ್ಪೀಡ್ ಏರಿದಾಗ ಒಳಗೆ ಗಾಳಿಯ ಸುಳಿಯೂ ಜೋರಾಗುತ್ತದೆ, ಬೆಂಕಿಯೂ ಅಷ್ಟೇ ಬೇಗ ಹರಡುತ್ತದೆ. ಅದಕ್ಕೇ ಹೆಚ್ಚಿನ ಎಂಜಿನ್‌ಗಳಲ್ಲಿ 3000 ಆರ್‌ಪಿಎಂ ಆಸುಪಾಸಿನ ನಂತರ ಅಡ್ವಾನ್ಸ್ ಏರುವುದು ನಿಲ್ಲುತ್ತದೆ.

ಒಂದು ಕಾಲಕ್ಕೆ ಈ ಕೆಲಸ ಡ್ರೈವರ್ ಕೈಯಲ್ಲೇ ಇತ್ತು. 1908ರಲ್ಲಿ ಬಂದ ಫೋರ್ಡ್ ಮಾಡೆಲ್ ಟಿ ಕಾರಿನಲ್ಲಿ ಸ್ಟಿಯರಿಂಗ್ ಕೆಳಗೆ ಎಡಕ್ಕೊಂದು ಸನ್ನೆ, ಬಲಕ್ಕೊಂದು ಸನ್ನೆ. ಎಡಗಡೆಯದು ಕಿಡಿಗೆ, ಬಲಗಡೆಯದು ಥ್ರಾಟಲ್‌ಗೆ. ಕಿಡಿಯನ್ನು ಹಿಂದಕ್ಕೆ ಎಳೆಯದೆ ಹ್ಯಾಂಡಲ್ ಹೊಡೆದರೆ ಎಂಜಿನ್ ಉಲ್ಟಾ ಒದೆಯುತ್ತಿತ್ತು. ಕೈ ಮುರಿದುಕೊಂಡವರು ಕಡಿಮೆ ಇಲ್ಲ.

ಇನಿಷಿಯಲ್, ಮೆಕ್ಯಾನಿಕಲ್, ವ್ಯಾಕ್ಯೂಮ್, ಟೋಟಲ್: ಇವೆಲ್ಲ ಏನು?

ಐಡಲ್‌ನಲ್ಲಿ, ವ್ಯಾಕ್ಯೂಮ್ ಪೈಪ್ ಕಿತ್ತಿಟ್ಟಾಗ ಟೈಮಿಂಗ್ ಲೈಟ್‌ನಲ್ಲಿ (ಕಿಡಿ ಬಂದಾಗಲೆಲ್ಲ ಮಿನುಗಿ ಪುಲ್ಲಿಯ ಗುರುತು ತೋರಿಸುವ ದೀಪ) ಕಾಣುವುದು ಇನಿಷಿಯಲ್. ಡಿಸ್ಟ್ರಿಬ್ಯೂಟರ್ ಒಳಗಿನ ತೂಕಗಳು ಸ್ಪೀಡ್ ಏರಿದಂತೆ ಹೊರಗೆ ಹಾರಿ ಸೇರಿಸುವುದು ಮೆಕ್ಯಾನಿಕಲ್. ಇವೆರಡನ್ನೂ ಕೂಡಿಸಿದರೆ ಟೋಟಲ್. ಉದಾಹರಣೆಗೆ ಇನಿಷಿಯಲ್ 12, ಮೆಕ್ಯಾನಿಕಲ್ 22 ಇದ್ದರೆ ಟೋಟಲ್ 34. ಎಂಜಿನ್ ಎಳೆಯುವ ವ್ಯಾಕ್ಯೂಮ್‌ನಿಂದ ಬರುವ ವ್ಯಾಕ್ಯೂಮ್ ಅಡ್ವಾನ್ಸ್ ಇದರ ಮೇಲಿನದು. ಟೋಟಲ್ ಎಂದು ಹೇಳುವಾಗ ಅದನ್ನು ಸೇರಿಸಿ ಲೆಕ್ಕ ಹಾಕುವುದಿಲ್ಲ. ಇಬ್ಬರು ಮಾತಾಡುವಾಗ ಹೆಚ್ಚು ಗೊಂದಲ ಆಗುವುದು ಇದೇ ಜಾಗದಲ್ಲಿ, ಹಾಗಾಗಿ ಯಾರಾದರೂ ನಂಬರ್ ಹೇಳಿದರೆ "ವ್ಯಾಕ್ಯೂಮ್ ಬಿಟ್ಟಾ, ಸೇರಿಸಿಯಾ" ಎಂದು ಕೇಳಿಬಿಡಿ.

ನನ್ನ ಎಂಜಿನ್‌ಗೆ ಟೋಟಲ್ ಎಷ್ಟು ಇಡಬೇಕು?

ಅದನ್ನು ಮಿಶ್ರಣ ಉರಿಯುವ ಜಾಗದ, ಅಂದರೆ ಕಂಬಷನ್ ಚೇಂಬರ್‌ನ ಆಕಾರ ಹೇಳುತ್ತದೆ. ಪ್ಲಗ್ ಒಂದು ಬದಿಗಿರುವ ಹಳೇ ಅಮೆರಿಕನ್ ವಿ8ಗಳು, ಉದಾಹರಣೆಗೆ ಷೆವ್ರೊಲೆ ಸ್ಮಾಲ್ ಬ್ಲಾಕ್, ಹಳೇ ಹೆಡ್‌ಗಳ ಜೊತೆ 34ರಿಂದ 36 ಡಿಗ್ರಿ ಸುತ್ತಮುತ್ತ ಖುಷಿಯಾಗಿರುತ್ತವೆ. ಅದೇ ಬ್ಲಾಕ್‌ಗೆ ಬೇಗ ಉರಿಯುವ ಹೊಸ ವಿನ್ಯಾಸದ ಹೆಡ್ ಹಾಕಿದರೆ ಕೆಲವು ಡಿಗ್ರಿ ಕಡಿಮೆ ಸಾಕು. ಪ್ಲಗ್ ನಟ್ಟನಡುವೆ ಇರುವ ನಾಲ್ಕು ವಾಲ್ವ್ ಹೆಡ್‌ನಲ್ಲಿ ಬೆಂಕಿ ಎಲ್ಲ ಕಡೆಗೂ ಸಮನಾಗಿ ಹರಡುತ್ತದೆ, ಅದು 30ರ ಒಳಗೇ ಮುಗಿಸಬಹುದು.

ಕಡಿಮೆ ಅಡ್ವಾನ್ಸ್‌ನಲ್ಲಿ ಪೂರ್ತಿ ಪವರ್ ಕೊಡುವ ಎಂಜಿನ್ ಚೆನ್ನಾಗಿ ಉರಿಯುತ್ತಿದೆ ಎಂದರ್ಥ. "ನಂದು 38 ಡಿಗ್ರಿ" ಎಂದು ಹೇಳಿಕೊಳ್ಳುವುದರಲ್ಲಿ ದೊಡ್ಡಸ್ತಿಕೆ ಏನೂ ಇಲ್ಲ. ಟ್ಯೂನರ್‌ಗಳು ಹುಡುಕುವುದು ಎಂಬಿಟಿ. ಅಂದರೆ ಅತಿ ಹೆಚ್ಚು ಟಾರ್ಕ್ ಸಿಗುವ ಅತಿ ಕಡಿಮೆ ಅಡ್ವಾನ್ಸ್. ಅಲ್ಲಿಂದ ಮುಂದೆ ಡಿಗ್ರಿ ಸೇರಿಸಿದರೆ ಬಿಸಿಯೂ ಒತ್ತಡವೂ ಮಾತ್ರ ಏರುತ್ತವೆ. ಅಷ್ಟೇ ಅಲ್ಲ, ಸಾಮಾನ್ಯ ಪೆಟ್ರೋಲ್‌ನಲ್ಲಿ ಎಷ್ಟೋ ಹೈ ಕಂಪ್ರೆಷನ್ ಎಂಜಿನ್‌ಗಳು ಎಂಬಿಟಿ ಮುಟ್ಟುವ ಮೊದಲೇ ನಾಕ್ ಆಗಲು (ಮಿಶ್ರಣ ತಾನಾಗೇ ಹೊತ್ತಿಕೊಂಡು ಚಿಟಚಿಟ ಅನ್ನಲು) ಶುರು ಮಾಡುತ್ತವೆ. ಅಂಥ ಎಂಜಿನ್‌ಗೆ ನಾಕ್ ಎಲ್ಲಿ ಶುರುವಾಗುತ್ತದೋ ಅದೇ ಮಿತಿ.

ಲೈಟ್ ಹಿಡಿಯುವ ಮೊದಲು ಏನೇನು ನೋಡಿಕೊಳ್ಳಬೇಕು?

ಎಂಜಿನ್ ಪೂರ್ತಿ ಬಿಸಿಯಾಗಿರಬೇಕು. ಎಲ್ಲೂ ವ್ಯಾಕ್ಯೂಮ್ ಲೀಕ್ ಇರಬಾರದು. ಪ್ಲಗ್ ಗ್ಯಾಪ್ ಸರಿ ಇರಬೇಕು. ಪಾಯಿಂಟ್ಸ್ (ತೆರೆದುಕೊಂಡಾಗ ಕಿಡಿ ಹುಟ್ಟಿಸುವ ಸ್ವಿಚ್) ಇರುವ ಡಿಸ್ಟ್ರಿಬ್ಯೂಟರ್ ಆಗಿದ್ದರೆ ಮೊದಲು ಪಾಯಿಂಟ್ಸ್ ಗ್ಯಾಪ್, ಆಮೇಲೆ ಟೈಮಿಂಗ್. ಈ ಕ್ರಮ ತಪ್ಪಿಸಬೇಡಿ. ಗ್ಯಾಪ್ ದೊಡ್ಡದಾದರೆ ಪಾಯಿಂಟ್ಸ್ ಬೇಗ ತೆರೆದುಕೊಳ್ಳುತ್ತವೆ, ಟೈಮಿಂಗ್ ತಾನಾಗೇ ಅಡ್ವಾನ್ಸ್ ಆಗುತ್ತದೆ. ಟೈಮಿಂಗ್ ಸೆಟ್ ಮಾಡಿದ ಮೇಲೆ ಗ್ಯಾಪ್ ಮುಟ್ಟಿದರೆ ಮಾಡಿದ ಕೆಲಸವೆಲ್ಲ ಮತ್ತೆ ಮೊದಲಿಂದ.

ಪುಲ್ಲಿ ಮೇಲಿನ ಗುರುತನ್ನು ನಂಬಬಹುದಾ?

ಪರೀಕ್ಷಿಸುವವರೆಗೆ ನಂಬಬೇಡಿ. ನನ್ನ ಮಟ್ಟಿಗೆ ಈ ಇಡೀ ಕೆಲಸದಲ್ಲಿ ಅತಿ ಮುಖ್ಯವಾದ ಪ್ರಶ್ನೆ ಇದು.

ಕ್ರ್ಯಾಂಕ್ ಮುಂದಿರುವ ಡ್ಯಾಂಪರ್ ಸಾಮಾನ್ಯವಾಗಿ ಎರಡು ಭಾಗ. ಒಳಗೊಂದು ಹಬ್, ಹೊರಗೊಂದು ಭಾರದ ಉಂಗುರ, ನಡುವೆ ರಬ್ಬರ್. ಗುರುತು ಇರುವುದು ಹೊರಗಿನ ಉಂಗುರದ ಮೇಲೆ. ರಬ್ಬರ್ ಹಳೆಯದಾಗಿ ಗಟ್ಟಿಯಾದರೆ ಅಥವಾ ಎಣ್ಣೆ ಕುಡಿದು ಮೆತ್ತಗಾದರೆ ಹೊರಗಿನ ಉಂಗುರ ಜಾರುತ್ತದೆ. ಆಗ ಲೈಟ್ ಎಷ್ಟೇ ದುಬಾರಿಯದಾದರೂ ಸುಳ್ಳನ್ನೇ ತೋರಿಸುತ್ತದೆ.

ನನಗೆ ಇದರ ಪಾಠ ಆಗಿದ್ದು ಒಂದು ವಿ8ನಲ್ಲಿ. ಲೈಟ್‌ನಲ್ಲಿ ಟೋಟಲ್ 34 ಎಂದು ಕಾಣುತ್ತಿತ್ತು. ಗಾಡಿ ಮಾತ್ರ ಸೋಮಾರಿ, ಹೆಡರ್ ಕೆಂಪಗಾಗುವಷ್ಟು ಬಿಸಿ. ಎರಡು ಸಂಜೆ ಕಾರ್ಬ್ಯುರೇಟರ್ ಜೆಟ್ ಬದಲಾಯಿಸುತ್ತಾ ಕೂತೆ. ಮೂರನೇ ದಿನ ಪಿಸ್ಟನ್ ಸ್ಟಾಪ್ (ಪ್ಲಗ್ ತೂತಿನಲ್ಲಿ ಕೂತು ಪಿಸ್ಟನ್ ತಡೆಯುವ ಉಪಕರಣ) ಹಾಕಿ ನಿಜವಾದ ಟಿಡಿಸಿ ಹುಡುಕಿ, ಅಲ್ಲೊಂದು ಬಿಳಿ ಗೆರೆ ಎಳೆದೆ. ಹಳೇ ಗೆರೆಗೂ ಹೊಸ ಗೆರೆಗೂ ನಡುವೆ ಕಿರುಬೆರಳಿನಷ್ಟು ಅಂತರ, 11 ಮಿಲಿಮೀಟರ್. 160 ಮಿಲಿಮೀಟರ್ ವ್ಯಾಸದ ಡ್ಯಾಂಪರ್‌ನಲ್ಲಿ ಒಂದು ಡಿಗ್ರಿ ಅಂದರೆ ಸುಮಾರು 1.4 ಮಿಲಿಮೀಟರ್. ಅಂದರೆ ಸುಮಾರು 8 ಡಿಗ್ರಿ ಜಾರಿತ್ತು. ಎಂಜಿನ್ ಅಷ್ಟು ದಿನ 26ರಲ್ಲಿ ಓಡಿತ್ತು. ಕಾರ್ಬ್ಯುರೇಟರ್‌ನಲ್ಲಿ ತಪ್ಪೇ ಇರಲಿಲ್ಲ.

ನಿಜವಾದ ಟಿಡಿಸಿ ಹುಡುಕುವುದು ಹೇಗೆ?

ಬ್ಯಾಟರಿ ತಂತಿ ಬಿಚ್ಚಿ. ಎಲ್ಲ ಪ್ಲಗ್‌ಗಳನ್ನೂ ಕಳಚಿ. ಒಂದನೇ ಸಿಲಿಂಡರ್‌ನ ಪ್ಲಗ್ ತೂತಿಗೆ ಪಿಸ್ಟನ್ ಸ್ಟಾಪ್ ತಿರುಗಿಸಿ ಕೂರಿಸಿ. ಪಿಸ್ಟನ್ ಅದಕ್ಕೆ ತಾಗುವವರೆಗೆ ಕ್ರ್ಯಾಂಕನ್ನು ಕೈಯಲ್ಲಿ ನಿಧಾನಕ್ಕೆ ತಿರುಗಿಸಿ, ಪಾಯಿಂಟರ್ ಎದುರು ಡ್ಯಾಂಪರ್ ಮೇಲೆ ಗೆರೆ ಎಳೆಯಿರಿ. ಈಗ ಉಲ್ಟಾ ತಿರುಗಿಸಿ, ಮತ್ತೆ ತಾಗುವವರೆಗೆ. ಇನ್ನೊಂದು ಗೆರೆ. ಎರಡು ಗೆರೆಗಳ ಸರಿಯಾದ ಮಧ್ಯವೇ ಟಿಡಿಸಿ. ಸ್ಟಾರ್ಟರ್ ಮೋಟಾರ್ ಉಪಯೋಗಿಸಬೇಡಿ, ಪಿಸ್ಟನ್‌ಗೆ ತೂತು ಬೀಳಬಹುದು. ಪ್ಲಗ್ ತೂತಿಗೆ ಕಡ್ಡಿ ಹಾಕಿ ಅದು ಮೇಲೆ ನಿಂತ ಜಾಗವನ್ನು ಟಿಡಿಸಿ ಅನ್ನುವುದೂ ಸಾಲದು. ಮೇಲ್ತುದಿಯಲ್ಲಿ ಕ್ರ್ಯಾಂಕ್ ಹಲವು ಡಿಗ್ರಿ ತಿರುಗಿದರೂ ಪಿಸ್ಟನ್ ಅಲುಗಿದ್ದೇ ಗೊತ್ತಾಗುವುದಿಲ್ಲ.

ಡಿಗ್ರಿ ಟೇಪ್ ಅಂಟಿಸುವುದಾದರೆ ಅದು ನಿಮ್ಮ ಡ್ಯಾಂಪರ್‌ನ ವ್ಯಾಸಕ್ಕೇ ಮಾಡಿದ್ದಾಗಿರಬೇಕು. ಬೇರೆ ಅಳತೆಯ ಟೇಪ್ ಸೊನ್ನೆಯಲ್ಲಿ ಸರಿಯಾಗಿದ್ದರೂ 34ರಲ್ಲಿ ತಪ್ಪು ತೋರಿಸುತ್ತದೆ.

ಟೈಮಿಂಗ್ ಲೈಟ್ ಹಿಡಿದು ಸೆಟ್ ಮಾಡುವ ಕ್ರಮ ಏನು?

ಮೊದಲು ಎಚ್ಚರಿಕೆ. ಲೈಟ್ ಮಿನುಗುವಾಗ ತಿರುಗುತ್ತಿರುವ ಪುಲ್ಲಿ ನಿಂತ ಹಾಗೆ ಕಾಣುತ್ತದೆ. ಫ್ಯಾನ್ ಕೂಡ ನಿಂತೋ ತೀರ ನಿಧಾನಕ್ಕೋ ತಿರುಗುವ ಹಾಗೆ ಕಂಡು ಮೋಸ ಮಾಡುತ್ತದೆ. ಅದನ್ನು ನಂಬಿ ಕೈ ಹಾಕಿದರೆ ಬೆರಳು ಹೋಗುತ್ತದೆ. ಸಡಿಲ ಬಟ್ಟೆ, ನೇತಾಡುವ ವೈರ್ ಯಾವುದೂ ಹತ್ತಿರ ಬೇಡ. ಬಾಗಿಲು ಮುಚ್ಚಿದ ಜಾಗದಲ್ಲಿ ಎಂಜಿನ್ ಓಡಿಸಬೇಡಿ.

ಟಿಡಿಸಿ ಗೆರೆಗೆ ತೆಳ್ಳಗೆ ಬಿಳಿ ಬಣ್ಣ ಹಚ್ಚಿ. ದಪ್ಪ ಹಚ್ಚಿದರೆ ಗೆರೆಯೇ ಎರಡು ಡಿಗ್ರಿ ಅಗಲ ಆಗಿಬಿಡುತ್ತದೆ. ಲೈಟ್‌ನ ಕ್ಲ್ಯಾಂಪ್ ಒಂದನೇ ಸಿಲಿಂಡರ್‌ನ ವೈರ್‌ಗೆ ಹಾಕಿ. ಕ್ಲ್ಯಾಂಪ್ ಮೇಲೆ ಬಾಣದ ಗುರುತಿದ್ದರೆ ಅದು ಪ್ಲಗ್ ಕಡೆ ನೋಡಬೇಕು. ವ್ಯಾಕ್ಯೂಮ್ ಪೈಪ್ ಕಿತ್ತು, ಕಾರ್ಬ್ಯುರೇಟರ್ ಕಡೆಯ ಬಾಯಿಯನ್ನು ಗಟ್ಟಿಯಾಗಿ ಮುಚ್ಚಿ. ಡಿಸ್ಟ್ರಿಬ್ಯೂಟರ್ ಬೋಲ್ಟನ್ನು ಕೈಯಲ್ಲಿ ಒತ್ತಿ ತಿರುಗಿಸಿದರೆ ಮಾತ್ರ ಅಲುಗುವಷ್ಟು ಸಡಿಲಿಸಿ. ಡಿಸ್ಟ್ರಿಬ್ಯೂಟರ್ ಒಳಗಿನ ರೋಟರ್ ತಿರುಗುವ ದಿಕ್ಕಿಗೆ ಎದುರಾಗಿ ಬಾಡಿ ತಿರುಗಿಸಿದರೆ ಅಡ್ವಾನ್ಸ್, ಅದೇ ದಿಕ್ಕಿಗೆ ತಿರುಗಿಸಿದರೆ ರಿಟಾರ್ಡ್, ಅಂದರೆ ಕಿಡಿ ತಡ.

ಗೆರೆ ಬೇಕಾದ ಜಾಗಕ್ಕೆ ಬಂದ ಮೇಲೆ ಬೋಲ್ಟ್ ಬಿಗಿ ಮಾಡಿ, ಮತ್ತೊಮ್ಮೆ ಲೈಟ್ ಹಿಡಿದು ನೋಡಿ. ಬಿಗಿ ಮಾಡುವಾಗ ಒಂದೆರಡು ಡಿಗ್ರಿ ಜಾರುವುದು ಸಾಮಾನ್ಯ. ಸ್ಥಿರ ಆರ್‌ಪಿಎಂನಲ್ಲೂ ಗೆರೆ ನಿಲ್ಲದೆ ಅತ್ತಿತ್ತ ಕುಣಿಯುತ್ತಿದ್ದರೆ ಟೈಮಿಂಗ್ ಚೈನ್ ಸಡಿಲವಾಗಿದೆ ಅಥವಾ ಡಿಸ್ಟ್ರಿಬ್ಯೂಟರ್ ಶಾಫ್ಟ್‌ನ ಬುಷ್ ಸವೆದಿದೆ. ಅದನ್ನು ಸರಿಮಾಡದೆ ಮುಂದೆ ಹೋಗಬೇಡಿ.

ಐಡಲ್‌ನಲ್ಲಿ ಸೆಟ್ ಮಾಡಬೇಕಾ, ಟೋಟಲ್‌ನಲ್ಲಾ?

ಕಂಪನಿಯಿಂದ ಬಂದ ಹಾಗೇ ಇರುವ ಎಂಜಿನ್‌ಗೆ ಐಡಲ್‌ನಲ್ಲಿ, ಕೈಪಿಡಿ ಹೇಳಿದಷ್ಟು. ಬದಲಾವಣೆ ಮಾಡಿದ ಎಂಜಿನ್‌ಗೆ ಟೋಟಲ್ ಮೊದಲು. ಪಿಸ್ಟನ್ ಒಡೆಯುವುದು ಪೂರ್ತಿ ಥ್ರಾಟಲ್‌ನಲ್ಲಿ, ಐಡಲ್‌ನಲ್ಲಲ್ಲ. ಗೆರೆ ಮುಂದೆ ಹೋಗುವುದು ನಿಲ್ಲುವವರೆಗೆ ಆರ್‌ಪಿಎಂ ಏರಿಸಿ, ಅಲ್ಲಿ ಸುರಕ್ಷಿತ ಟೋಟಲ್ ಇಡಿ. ಐಡಲ್‌ಗೆ ಇಳಿಸಿದಾಗ ಎಷ್ಟು ಬರುತ್ತದೋ ನೋಡಿ ಬರೆದಿಡಿ.

ಹೆಚ್ಚಿನ ತೊಂದರೆ ಇಲ್ಲೇ ಕಾಣಿಸಿಕೊಳ್ಳುತ್ತದೆ. ದೊಡ್ಡ ಕ್ಯಾಮ್ ಹಾಕಿದಾಗ ಐಡಲ್‌ನಲ್ಲಿ ವ್ಯಾಕ್ಯೂಮ್ ಕಡಿಮೆ, ಹೊಗೆ ಸ್ವಲ್ಪ ವಾಪಸ್ ಬರುತ್ತದೆ, ಮಿಶ್ರಣ ನಿಧಾನಕ್ಕೆ ಉರಿಯುತ್ತದೆ. ಅದಕ್ಕೆ 14ರಿಂದ 20 ಡಿಗ್ರಿ ಇನಿಷಿಯಲ್ ಬೇಕಾಗಬಹುದು. ಹಳೇ ಡಿಸ್ಟ್ರಿಬ್ಯೂಟರ್ 26 ಡಿಗ್ರಿ ಮೆಕ್ಯಾನಿಕಲ್ ಕೊಡುವಂಥದ್ದಾದರೆ 18ರ ಮೇಲೆ ಅದೂ ಸೇರಿ 44. ಅದು ಎಂಜಿನ್ ಕೊಲ್ಲುವ ನಂಬರ್. ಟೋಟಲ್ 34ಕ್ಕೆ ಇಳಿಸಿದರೆ ಇನಿಷಿಯಲ್ 8ಕ್ಕೆ ಬೀಳುತ್ತದೆ, ಐಡಲ್ ನಿಲ್ಲುವುದಿಲ್ಲ, ಪೆಡಲ್ ಒತ್ತಿದರೆ ಮುಗ್ಗರಿಸುತ್ತದೆ. ಹಾಗಾದರೆ ದಾರಿ? ಡಿಸ್ಟ್ರಿಬ್ಯೂಟರ್ ಒಳಗಿನ ತೂಕಗಳ ಓಟವನ್ನು ಬುಷ್ ಅಥವಾ ಸ್ಟಾಪ್ ಹಾಕಿ 16 ಡಿಗ್ರಿಗೆ ಮೊಟಕುಗೊಳಿಸುವುದು. ಆಗ ಇನಿಷಿಯಲ್ 18, ಟೋಟಲ್ 34, ಎರಡೂ ಸರಿ. ಒಂದು ಮಾತು ನೆನಪಿರಲಿ: ಡಿಸ್ಟ್ರಿಬ್ಯೂಟರ್ ಕ್ರ್ಯಾಂಕ್‌ನ ಅರ್ಧ ಸ್ಪೀಡ್‌ನಲ್ಲಿ ತಿರುಗುತ್ತದೆ. ಅದರೊಳಗೆ 8 ಡಿಗ್ರಿ ಎಂದು ಬರೆದಿದ್ದರೆ ಕ್ರ್ಯಾಂಕ್‌ನಲ್ಲಿ 16.

ಹಗುರ ಸ್ಪ್ರಿಂಗ್ ಹಾಕಿದರೆ ಅಡ್ವಾನ್ಸ್ ಜಾಸ್ತಿ ಆಗುತ್ತದಾ?

ಇಲ್ಲ. ಬೇಗ ಬರುತ್ತದೆ, ಅಷ್ಟೇ. ಎಷ್ಟು ಡಿಗ್ರಿ ಎಂಬುದನ್ನು ಸ್ಟಾಪ್ ತೀರ್ಮಾನಿಸುತ್ತದೆ, ಯಾವಾಗ ಎಂಬುದನ್ನು ಸ್ಪ್ರಿಂಗ್. ತೀರ ಹಗುರವಾದರೆ ಐಡಲ್‌ನಲ್ಲೇ ತೂಕಗಳು ಹಾರಲು ಶುರುವಾಗಿ ಐಡಲ್ ಏರಿಳಿಯುತ್ತದೆ.

ರೇಸ್ ಎಂಜಿನ್ ಅಲ್ವಾ, ವ್ಯಾಕ್ಯೂಮ್ ಅಡ್ವಾನ್ಸ್ ಕಿತ್ತು ಹಾಕಲಾ?

ರಸ್ತೆಯಲ್ಲಿ ಓಡಿಸುವ ಕಾರಾದರೆ ದಯವಿಟ್ಟು ಬೇಡ. ಪೆಡಲ್ ಅರ್ಧಕ್ಕಿಂತ ಕಡಿಮೆ ಒತ್ತಿ ಸಾಗುವಾಗ ಸಿಲಿಂಡರ್ ಒಳಗೆ ಮಿಶ್ರಣ ವಿರಳ, ಉರಿಯುವುದು ನಿಧಾನ. ಆಗ 10ರಿಂದ 15 ಡಿಗ್ರಿ ಹೆಚ್ಚುವರಿ ಕೊಟ್ಟರೆ ಎಂಜಿನ್ ತಣ್ಣಗಿರುತ್ತದೆ, ಪೆಟ್ರೋಲ್ ಉಳಿಯುತ್ತದೆ, ಪ್ಲಗ್ ಕಪ್ಪಾಗುವುದಿಲ್ಲ. ಪೂರ್ತಿ ಒತ್ತಿದಾಗ ವ್ಯಾಕ್ಯೂಮ್ ಹೆಚ್ಚುಕಡಿಮೆ ಸೊನ್ನೆಗೆ ಬೀಳುತ್ತದೆ, ಆ ಡಿಗ್ರಿಗಳು ತಾವಾಗೇ ಹೋಗುತ್ತವೆ. ಹಾಗಾಗಿ ಅದನ್ನು ಕಿತ್ತರೆ ಪೂರ್ತಿ ಥ್ರಾಟಲ್‌ನಲ್ಲಿ ಒಂದು ಕುದುರೆಯಷ್ಟೂ ಲಾಭ ಇಲ್ಲ. ಡ್ರ್ಯಾಗ್ ರೇಸ್‌ಗೆ ಮಾತ್ರ ಓಡಿಸುವ ಗಾಡಿಗೆ ಇದರ ಅಗತ್ಯವಿಲ್ಲ, ನಿಜ.

ನಾಕಿಂಗ್ ಆಗುತ್ತಿದೆಯಾ ಎಂದು ಗೊತ್ತಾಗುವುದು ಹೇಗೆ?

ಗಾಜಿನ ಸೀಸೆಯಲ್ಲಿ ಗೋಲಿಗಳನ್ನು ಹಾಕಿ ಅಲ್ಲಾಡಿಸಿದ ಹಾಗೆ ಒಂದು ಸಣ್ಣ ಚಿಟಚಿಟ ಸದ್ದು. ಏರಿನಲ್ಲಿ, ಮೇಲಿನ ಗೇರಿನಲ್ಲಿ ಪೆಡಲ್ ಒತ್ತಿದಾಗ ಮೊದಲು ಕೇಳುತ್ತದೆ. ಬೆಂಕಿ ಹರಡುತ್ತಾ ಬರುವಾಗ, ಕೊನೆಗೆ ಉಳಿದ ಮೂಲೆಯ ಮಿಶ್ರಣ ಬಿಸಿಗೂ ಒತ್ತಡಕ್ಕೂ ತಡೆಯಲಾಗದೆ ತಾನೇ ಒಂದೇ ಸಲ ಹೊತ್ತಿಕೊಳ್ಳುತ್ತದೆ. ಸಿಲಿಂಡರ್ ಒಳಗೆ ಒತ್ತಡದ ಅಲೆ ಗಂಟೆಯ ಹಾಗೆ ಬಾರಿಸುತ್ತದೆ. 86 ಮಿಲಿಮೀಟರ್ ಬೋರ್‌ಗೆ ಆ ಸದ್ದು ಸುಮಾರು 6.7 ಕಿಲೋಹರ್ಟ್ಸ್. ನಾಕ್ ಸೆನ್ಸರ್ ಕಾಯುತ್ತಾ ಕೂರುವುದು ಇಂಥ ಸದ್ದಿಗೇ.

ಹೆಚ್ಚು ಆರ್‌ಪಿಎಂನಲ್ಲಿ, ಜೋರಾದ ಎಕ್ಸಾಸ್ಟ್ ಇರುವ ಗಾಡಿಯಲ್ಲಿ ಕಿವಿಯನ್ನು ನೆಚ್ಚಿಕೊಳ್ಳಬೇಡಿ. ಪ್ಲಗ್ ಬಿಚ್ಚಿ ಭೂತಗನ್ನಡಿಯಲ್ಲಿ ನೋಡಿ. ಬಿಳಿ ಪಿಂಗಾಣಿಯ ಮೇಲೆ ಮೆಣಸಿನ ಪುಡಿ ಉದುರಿಸಿದ ಹಾಗೆ ಕಪ್ಪು ಚುಕ್ಕಿ, ಅಥವಾ ಹೊಳೆಯುವ ಸಣ್ಣ ಬೆಳ್ಳಿ ಕಣಗಳು ಕಂಡರೆ ಅಲ್ಲಿಗೆ ನಿಲ್ಲಿಸಿ. ಆ ಬೆಳ್ಳಿ ನಿಮ್ಮ ಪಿಸ್ಟನ್‌ನ ಅಲ್ಯುಮಿನಿಯಂ.

ಪ್ರಿ-ಇಗ್ನಿಷನ್ ಬೇರೆ ರೋಗ. ಕೆಂಪಗೆ ಕಾದ ಪ್ಲಗ್ ತುದಿಯೋ ಇಂಗಾಲದ ಚೂರೋ ಕಿಡಿಗಿಂತ ಮೊದಲೇ ಮಿಶ್ರಣಕ್ಕೆ ಬೆಂಕಿ ಕೊಡುತ್ತದೆ. ಅದು ಸದ್ದೇ ಇಲ್ಲದೆ ಕೆಲವೇ ಸೆಕೆಂಡುಗಳಲ್ಲಿ ಪಿಸ್ಟನ್ ಕರಗಿಸಬಲ್ಲದು. ನಾಕ್ ಹೆಚ್ಚು ಹೊತ್ತು ನಡೆದರೆ ಚೇಂಬರ್ ಕಾದು ಪ್ರಿ-ಇಗ್ನಿಷನ್‌ಗೂ ದಾರಿಯಾಗುತ್ತದೆ.

ಹೆಚ್ಚು ಆಕ್ಟೇನ್ ಪೆಟ್ರೋಲ್ ಹಾಕಿದರೆ ಪವರ್ ಬರುತ್ತದಾ?

ಸುಮ್ನೆ ಹಾಕಿದರೆ ಬರುವುದಿಲ್ಲ. ಆಕ್ಟೇನ್ ಅಂದರೆ ತಾನಾಗಿ ಹೊತ್ತಿಕೊಳ್ಳದೆ ತಡೆದುಕೊಳ್ಳುವ ಗುಣ. ನಾಕ್ ಕಾರಣಕ್ಕೆ ನೀವು ಟೈಮಿಂಗ್ ಕಡಿಮೆ ಇಟ್ಟಿದ್ದರೆ, ಹೆಚ್ಚು ಆಕ್ಟೇನ್ ಹಾಕಿ ಡಿಗ್ರಿ ಸೇರಿಸಬಹುದು. ಆಗ ಪವರ್ ಬರುತ್ತದೆ. ಮೊದಲೇ ಎಂಬಿಟಿಯಲ್ಲಿ ಇದ್ದರೆ ಹಣ ದಂಡ. ಹೆಚ್ಚಿನ ಪಾಲು ಎಥನಾಲ್ ಇರುವ ಇ85 ಇಂಧನದಲ್ಲಿ ಇನ್ನೂ ಹೆಚ್ಚು ಅವಕಾಶ ಇದೆ, ಎಥನಾಲ್ ಆವಿಯಾಗುವಾಗ ಒಳಬರುವ ಗಾಳಿಯನ್ನು ತಣ್ಣಗೆ ಮಾಡುತ್ತದೆ. ಪಂಪ್ ಮೇಲಿನ ನಂಬರ್ ಹೋಲಿಸುವಾಗ ಹುಷಾರು: ಒಂದೇ ಪೆಟ್ರೋಲಿಗೆ ಒಂದು ದೇಶದಲ್ಲಿ 95 ಎಂದೂ ಇನ್ನೊಂದು ದೇಶದಲ್ಲಿ ಸುಮಾರು 91 ಎಂದೂ ಬರೆದಿರುತ್ತಾರೆ. ಅಳೆಯುವ ಪದ್ಧತಿ ಬೇರೆ, ಅಷ್ಟೇ.

ಟರ್ಬೊ ಅಥವಾ ಸೂಪರ್‌ಚಾರ್ಜರ್ ಇದ್ದರೆ?

ಬೂಸ್ಟ್ (ಗಾಳಿಯನ್ನು ಒಳಗೆ ತುರುಕುವ ಒತ್ತಡ) ಏರಿದಂತೆ ಟೈಮಿಂಗ್ ಇಳಿಸಬೇಕು. ಪ್ರತಿ ಪಿಎಸ್‌ಐ ಬೂಸ್ಟ್‌ಗೆ ಸುಮಾರು ಒಂದು ಡಿಗ್ರಿ ಎಂಬ ಹಳೇ ಲೆಕ್ಕದಿಂದ ಶುರು ಮಾಡಬಹುದು. ಶುರುವಿಗೆ ಮಾತ್ರ. ಇಂಟರ್‌ಕೂಲರ್ ಇದೆಯಾ, ಒಳಬರುವ ಗಾಳಿ ಎಷ್ಟು ಬಿಸಿ, ಇಂಧನ ಯಾವುದು ಎಂಬುದರ ಮೇಲೆ ಎಲ್ಲ ಬದಲಾಗುತ್ತದೆ. ಇಲ್ಲಿ ಎರಡು ಡಿಗ್ರಿ ತಪ್ಪಿದರೂ ಬೆಲೆ ದೊಡ್ಡದು. ನಾಕ್ ಕೇಳುವ ವ್ಯವಸ್ಥೆ ಇಲ್ಲದೆ ಬೂಸ್ಟ್ ಎಂಜಿನ್‌ಗೆ ಡಿಗ್ರಿ ಸೇರಿಸುತ್ತಾ ಹೋಗಬೇಡಿ.

ರಿಟಾರ್ಡ್ ಮಾಡಿಟ್ಟರೆ ಸೇಫ್ ಅಲ್ವಾ?

ನಾಕ್‌ನಿಂದ ಸೇಫ್, ಬಿಸಿಯಿಂದ ಅಲ್ಲ. ತಡವಾಗಿ ಹೊತ್ತಿದ ಬೆಂಕಿ ಎಕ್ಸಾಸ್ಟ್ ವಾಲ್ವ್ ತೆರೆದಾಗಲೂ ಉರಿಯುತ್ತಿರುತ್ತದೆ. ಹೆಡರ್ ಕೆಂಪಗಾಗುವುದು, ರೇಡಿಯೇಟರ್ ಕುದಿಯುವುದು, ವಾಲ್ವ್ ಸುಡುವುದು ಇದರಿಂದಲೇ.

ಇಸಿಯು ಇರುವ ಕಾರಿನಲ್ಲೂ ಡಿಸ್ಟ್ರಿಬ್ಯೂಟರ್ ತಿರುಗಿಸಿದರೆ ಸಾಕಾ?

ಸಾಲದು. ಎಂಜಿನ್ ಓಡುವಾಗ ಇಸಿಯು ಟೈಮಿಂಗನ್ನು ಕ್ಷಣಕ್ಷಣಕ್ಕೂ ಬದಲಿಸುತ್ತಿರುತ್ತದೆ. ಮೊದಲು ಅದಕ್ಕೆ "ಸುಮ್ಮನಿರು" ಎಂದು ಹೇಳಬೇಕು. 1980ರ ದಶಕದ ಕೊನೆಯ 5.0 ಲೀಟರ್ ಮಸ್ಟಾಂಗ್‌ನಲ್ಲಿ ಇಸಿಯುವಿನ ಟೈಮಿಂಗ್ ಸಿಗ್ನಲ್ ಸಾಗುವ ಸ್ಪೌಟ್ ಕನೆಕ್ಟರ್ ಕಿತ್ತು 10 ಡಿಗ್ರಿಗೆ ಇಡುತ್ತಾರೆ. ಮೊದಲ ತಲೆಮಾರಿನ ಮಾಜ್ದಾ ಮಿಯಾಟಾದಲ್ಲಿ ಡಯಾಗ್ನೋಸಿಸ್ ಬಾಕ್ಸ್‌ನ ಟೆನ್ ಮತ್ತು ಗ್ರೌಂಡ್ ಪಿನ್‌ಗಳನ್ನು ಸೇರಿಸಿ ನೋಡುತ್ತಾರೆ, ಅದರ ಬೇಸ್ ಕೂಡ 10 ಡಿಗ್ರಿ. ಕೆಲಸ ಮುಗಿದ ಮೇಲೆ ಕನೆಕ್ಟರ್ ವಾಪಸ್ ಹಾಕುವುದನ್ನು, ವೈರ್ ತೆಗೆಯುವುದನ್ನು ಮರೆಯಬೇಡಿ.

ಬೇರೆ ಇಸಿಯು ಕೂರಿಸಿದ್ದರೆ ಸಾಫ್ಟ್‌ವೇರ್‌ನಲ್ಲಿ ಟೈಮಿಂಗನ್ನು ಒಂದೇ ನಂಬರಿಗೆ ಲಾಕ್ ಮಾಡಿ, 10 ಅಥವಾ 15 ಎಂದುಕೊಳ್ಳಿ. ಪುಲ್ಲಿಯಲ್ಲೂ ಲೈಟ್ ಅದನ್ನೇ ತೋರಿಸುವವರೆಗೆ ಟ್ರಿಗರ್ ಆ್ಯಂಗಲ್ (ಸೆನ್ಸರ್ ಸಿಗ್ನಲ್‌ಗೂ ಟಿಡಿಸಿಗೂ ನಡುವಿನ ಕೋನ) ಸರಿಪಡಿಸಿ. ಆಮೇಲೆ 4000ಕ್ಕೆ ಏರಿಸಿ ನೋಡಿ. ಗೆರೆ ಅಲ್ಲೇ ನಿಂತಿರಬೇಕು. ಸ್ಪೀಡ್ ಜೊತೆ ಜರುಗಿದರೆ ಟ್ರಿಗರ್ ಸೆನ್ಸರ್‌ನ ವೈರ್ ಉಲ್ಟಾ ಆಗಿರಬಹುದು ಅಥವಾ ವಿಳಂಬದ ಸೆಟ್ಟಿಂಗ್ ತಪ್ಪಿರಬಹುದು. ಈ ಪರೀಕ್ಷೆ ಮಾಡದೆ ಲ್ಯಾಪ್‌ಟಾಪ್‌ನಲ್ಲಿ ಕಾಣುವ ನಂಬರನ್ನು ನಂಬುವುದು, ಜಾರಿದ ಡ್ಯಾಂಪರ್ ನಂಬಿದ ಹಾಗೇ. ಎರಡು ಸಿಲಿಂಡರ್‌ಗೆ ಒಟ್ಟಿಗೆ ಕಿಡಿ ಕೊಡುವ ವೇಸ್ಟೆಡ್ ಸ್ಪಾರ್ಕ್ ಇದ್ದರೆ, ಡಯಲ್ ಇರುವ ಕೆಲವು ಲೈಟ್‌ಗಳು ಎರಡರಷ್ಟು ಓದುತ್ತವೆ. ಡಯಲ್ ಸೊನ್ನೆಗೆ ಇಟ್ಟು, ಡ್ಯಾಂಪರ್ ಮೇಲಿನ ಡಿಗ್ರಿ ಗುರುತುಗಳಿಂದ ಓದಿಕೊಳ್ಳಿ.

ಲೈಟ್ ಇಲ್ಲದೆ ಕಿವಿಯಿಂದಲೇ ಸೆಟ್ ಮಾಡಬಹುದಾ?

ಸ್ಟಾರ್ಟ್ ಆಗುವ ಮಟ್ಟಕ್ಕೆ ಮಾಡಬಹುದು. ಐಡಲ್ ಅತಿ ನಯವಾಗಿ ಕೇಳುವ ಜಾಗದಲ್ಲಿ ಬಿಟ್ಟರೆ ಟೋಟಲ್ ಎಲ್ಲೆಲ್ಲಿಗೋ ಹೋಗಿರುತ್ತದೆ. ಪರ್ಫಾರ್ಮೆನ್ಸ್ ಎಂಜಿನ್‌ಗೆ ಬೇಡ.

ಕೊನೆಯ ಒಂದೆರಡು ಡಿಗ್ರಿ ಹುಡುಕುವುದು ಹೇಗೆ?

ಡೈನೋ (ಪವರ್ ಅಳೆಯುವ ಯಂತ್ರ) ಇದ್ದರೆ ಒಳ್ಳೆಯದು. ಇಲ್ಲದಿದ್ದರೆ ಮುಚ್ಚಿದ ಟ್ರ್ಯಾಕ್‌ನಲ್ಲಿ, ಒಂದೇ ಗೇರಿನಲ್ಲಿ, ಒಂದೇ ಆರ್‌ಪಿಎಂನಿಂದ ಇನ್ನೊಂದಕ್ಕೆ ಏರಲು ಎಷ್ಟು ಸೆಕೆಂಡ್ ಬೇಕು ಎಂದು ಅಳೆಯಿರಿ. ಕಡಿಮೆಯಿಂದ ಶುರು ಮಾಡಿ, ಉದಾಹರಣೆಗೆ 30. ಪ್ರತಿ ಸಲ ಎರಡು ಡಿಗ್ರಿ ಸೇರಿಸಿ, ಪ್ರತಿ ಸಲ ಪ್ಲಗ್ ನೋಡಿ. 32ರಲ್ಲಿ ಚುರುಕಾಯಿತು, 34ರಲ್ಲಿ ಇನ್ನಷ್ಟು, 36ರಲ್ಲಿ ಏನೂ ಬದಲಾಗಲಿಲ್ಲ ಎಂದುಕೊಳ್ಳಿ. 34ಕ್ಕೆ ವಾಪಸ್ ಬನ್ನಿ. ತಂಪು ಹೊತ್ತಿನಲ್ಲಿ ಸೆಟ್ ಮಾಡಿದ್ದರೆ ಬಿಸಿಲಿನಲ್ಲೂ ಒಮ್ಮೆ ಓಡಿಸಿ ಪ್ಲಗ್ ನೋಡಿ, ಬಿಸಿ ಗಾಳಿಯಲ್ಲಿ ನಾಕ್ ಬೇಗ ಬರುತ್ತದೆ.

ಎಲ್ಲ ಸರಿ ಅನ್ನಿಸಿದ ಮೇಲೆ ಡಿಸ್ಟ್ರಿಬ್ಯೂಟರ್ ಬಾಡಿಯಿಂದ ಬ್ಲಾಕ್‌ನವರೆಗೆ ಅಡ್ಡಲಾಗಿ ಒಂದು ತೆಳ್ಳನೆಯ ಬಣ್ಣದ ಗೆರೆ ಎಳೆಯಿರಿ. ಮುಂದೆ ಯಾವತ್ತಾದರೂ ಬಾನೆಟ್ ಎತ್ತಿದಾಗ ಆ ಗೆರೆ ಎರಡು ತುಂಡಾಗಿ ಕಂಡರೆ ಬೋಲ್ಟ್ ಸಡಿಲವಾಗಿ ಡಿಸ್ಟ್ರಿಬ್ಯೂಟರ್ ಜರುಗಿದೆ ಎಂದು ಲೈಟ್ ಹಿಡಿಯದೆಯೇ ಗೊತ್ತಾಗುತ್ತದೆ.